ದತ್ತು ಹೋಗುವ ನಾಯಿಯ ಫೈಲು: ಒಂದು ಘಟನೆಗೆ ಒಂದು ಸಾಲು

ಶಿವಮೊಗ್ಗದಲ್ಲಿ ರಕ್ಷಿಸಿದ ನಾಯಿಯೊಂದು ತೀರ್ಥಹಳ್ಳಿ ಕಡೆಯ ತೋಟದ ಮನೆಗೆ ದತ್ತು ಹೋಯಿತು ಅನ್ನಿ. ಎರಡು ತಿಂಗಳ ಮೇಲೆ ಒಂದು ಸಂಜೆ ಅದಕ್ಕೆ ಜ್ವರ, ಊಟ ಬಿಟ್ಟಿದೆ, ಒಸಡು ಬಿಳಿಚಿಕೊಂಡಿದೆ. ಅಲ್ಲಿಯ ಪಶುವೈದ್ಯರು ಈ ನಾಯಿಯನ್ನು ಹಿಂದೆ ನೋಡಿದವರಲ್ಲ. ಅವರು ಕೇಳುವುದು ಮೂರ್ನಾಲ್ಕೇ ಪ್ರಶ್ನೆ: ಹಿಂದೆ ಎರ್ಲಿಕಿಯಾ (ಉಣುಗು ಕಚ್ಚಿ ನಾಯಿಗೆ ಬರುವ ರೋಗ) ಬಂದಿತ್ತಾ, ಯಾವ ಔಷಧ ಎಷ್ಟು ದಿನ ಕೊಟ್ಟಿದ್ದರು, ಇಲಿಜ್ವರದ ಲಸಿಕೆ ಆಗಿದೆಯಾ, ಆಗ ತೂಕ ಎಷ್ಟಿತ್ತು. ಮನೆಯವರ ಫೋನಿನಲ್ಲಿ ಒಂದು ನಿಮಿಷದೊಳಗೆ ಇದಕ್ಕೆ ಉತ್ತರ ಸಿಗಬೇಕು. ‘ಎಲ್ಲ ಲಸಿಕೆ ಆಗಿದೆ, ಆರೋಗ್ಯವಾಗಿದೆ’ ಎಂಬ ಸಾಲಿನಿಂದ ಅವರಿಗೆ ಮೂರು ಕಾಸಿನ ಪ್ರಯೋಜನವಿಲ್ಲ.

ಕಾಗದವನ್ನು ಬಿಸಾಡುವಂತಿಲ್ಲ. ರೇಬಿಸ್ ಪ್ರಮಾಣಪತ್ರಕ್ಕೆ ವೈದ್ಯರ ಸಹಿ, ನೋಂದಣಿ ಸಂಖ್ಯೆ ಬೇಕೇ ಬೇಕು. ಆದರೆ ಹೊಸನಗರ, ಆಗುಂಬೆ ಕಡೆ ಜುಲೈ ಕಳೆಯುವಷ್ಟರಲ್ಲಿ ಲಸಿಕೆ ಪುಸ್ತಕಕ್ಕೆ ಬೂಷ್ಟು ಹಿಡಿದು ಮೊಹರಿನ ಶಾಯಿ ಹಬ್ಬಿರುತ್ತದೆ. ರಕ್ತಪರೀಕ್ಷೆಯ ಕೆಲವು ಯಂತ್ರಗಳು ಕೊಡುವ ನುಣುಪು ಚೀಟಿ, ಬಸ್ ಟಿಕೆಟ್ಟಿನಂತೆ, ಶಾಖದಿಂದ ಅಚ್ಚಾಗುವಂಥದ್ದು, ಇಟ್ಟಲ್ಲೇ ಅಳಿಸಿಹೋಗುತ್ತದೆ. ಕೈಗೆ ಬಂದ ದಿನವೇ ಫೋಟೊ ತೆಗೆಯಿರಿ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಮಾಮೂಲಿ ಫೋಟೊ ಆಗಿ ಹೋದರೆ ಚಿತ್ರ ಕುಗ್ಗಿ, 3 ಯಾವುದು 8 ಯಾವುದು ಎಂದು ತಿಳಿಯುವುದಿಲ್ಲ.

ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ, ಗೂಗಲ್ ಶೀಟ್ಸ್ ಸಾಕು. ಎರಡು ಹಾಳೆ ಮಾಡಿ. ಮೊದಲ ಹಾಳೆಯಲ್ಲಿ ನಾಯಿಗೊಂದು ಸಾಲು: ಸಂಖ್ಯೆ, ಸಿಕ್ಕ ಜಾಗ, ದಿನ, ಲಿಂಗ, ಬಣ್ಣ, ವಯಸ್ಸು, ಮೈಕ್ರೋಚಿಪ್ (ಚರ್ಮದಡಿ ಇಡುವ ಗುರುತಿನ ಚಿಪ್) ಸಂಖ್ಯೆ, ಫೋಟೊ. ಹೆಸರನ್ನು ನಂಬಬೇಡಿ. ಯಾವ ಆಶ್ರಯಧಾಮದಲ್ಲೂ ಇಬ್ಬರು ಕರಿಯ, ಮೂವರು ಜಿಮ್ಮಿ ಇದ್ದೇ ಇರುತ್ತಾರೆ. ‘ಶಿ-25-041’ ಎಂಬಂತೆ ಅಕ್ಷರದಿಂದ ಶುರುವಾಗುವ ಸಂಖ್ಯೆ ಕೊಡಿ. ಬರೀ 25-04 ಎಂದು ಹೊಡೆದರೆ ಶೀಟು ಅದನ್ನು ಏಪ್ರಿಲ್ 25 ಮಾಡಿಬಿಡಬಹುದು. ಮೈಕ್ರೋಚಿಪ್ಪಿನ 15 ಅಂಕಿಯದ್ದೂ ಇದೇ ಗೋಳು. ಆ ಕಾಲಮ್ಮನ್ನು ಮೊದಲೇ ‘ಪ್ಲೇನ್ ಟೆಕ್ಸ್ಟ್’ ಮಾಡದಿದ್ದರೆ ಎಕ್ಸೆಲ್ಲಿನಲ್ಲಿ ತೆರೆದಾಗ ಸಂಖ್ಯೆ ಮುದುಡಿಕೊಂಡು ಕಾಣುತ್ತದೆ, ಹಾಗೇ ಸಿಎಸ್‌ವಿ ಫೈಲಾಗಿ ಉಳಿಸಿದರೆ ಕೊನೆಯ ಅಂಕಿಗಳು ಹೋಗಿಯೇ ಬಿಡಬಹುದು.

ಫೋಟೊ ನಾಲ್ಕು: ಎಡಮಗ್ಗುಲು, ಬಲಮಗ್ಗುಲು, ಮುಖ, ಹೊಟ್ಟೆ. ಸಂತಾನಹರಣ ಆದ ಗುರುತಿಗೆ ಕಿವಿ ಕತ್ತರಿಸಿದ್ದರೆ ಯಾವ ಕಿವಿ ಎಂದು ಬರೆಯಿರಿ. ವಯಸ್ಸಿನ ಪಕ್ಕದಲ್ಲಿ ‘ಅಂದಾಜು’ ಎಂದೂ, ಯಾವುದರ ಮೇಲೆ ಅಂದಾಜು ಎಂದೂ ಇರಲಿ. ಶಾಶ್ವತ ಕೋರೆಹಲ್ಲು ಬರುವುದು ಸುಮಾರು 5ರಿಂದ 6 ತಿಂಗಳಿಗೆ, 7 ತಿಂಗಳ ಹೊತ್ತಿಗೆ ಎಲ್ಲ ಹಲ್ಲೂ ಬಂದಿರುತ್ತವೆ. ಅದಾದ ಮೇಲೆ ಹಲ್ಲು ನೋಡಿ ಹೇಳುವ ವಯಸ್ಸು ಬರೀ ಊಹೆ.

ಎರಡನೇ ಹಾಳೆಯೇ ಜೀವಾಳ. ಒಂದು ಘಟನೆಗೆ ಒಂದು ಸಾಲು: ದಿನ, ನಾಯಿಯ ಸಂಖ್ಯೆ, ಏನು, ವಿವರ, ಅಂದಿನ ತೂಕ, ಇದ್ದ ಗೂಡು, ಮಾಡಿದವರು, ಮುಂದಿನ ದಿನ, ಫೋಟೊ ಲಿಂಕ್. ಹಲವರು ‘ಲಸಿಕೆ 1, ಲಸಿಕೆ 2, ಜಂತುಹುಳ’ ಎಂದು ಕಾಲಮ್ ಮಾಡಿ ನಾಯಿಗೆ ಒಂದೇ ಸಾಲು ಇಡುತ್ತಾರೆ. ಮೂರನೇ ಸಲ ಮಾತ್ರೆ ಕೊಟ್ಟಾಗ ಜಾಗವಿಲ್ಲದೆ ಹಳೆಯ ದಿನಾಂಕದ ಮೇಲೇ ಹೊಸದನ್ನು ಬರೆಯುತ್ತಾರೆ, ಹಳೆಯದು ಅಳಿಯಿತು. ದಿನಾಂಕವನ್ನು 2025-07-09 ಎಂದು ವರ್ಷದಿಂದ ಬರೆಯಿರಿ. 9/7 ಅಂದರೆ ಜುಲೈಯೋ ಸೆಪ್ಟೆಂಬರೋ ಎಂಬುದು ಫೋನಿನ ಸೆಟ್ಟಿಂಗ್ ಮೇಲೆ ಹೋಗುತ್ತದೆ. ‘ಏನು’ ಎಂಬಲ್ಲಿ ಡ್ರಾಪ್‌ಡೌನ್ (ಒತ್ತಿ ಆರಿಸುವ ಪಟ್ಟಿ) ಇಡಿ. ರೇಬಿಸ್, ರೇಬೀಸ್, ಎಆರ್‌ವಿ (ರೇಬಿಸ್ ಲಸಿಕೆ) ಎಂದು ಮೂವರು ಮೂರು ಥರ ಬರೆದರೆ ಹುಡುಕುವಾಗ ಒಂದೂ ಸಿಗುವುದಿಲ್ಲ.

ಲಸಿಕೆಯ ಸೀಸೆಯ ಮೇಲಿನ ಚೀಟಿಯನ್ನು ಪುಸ್ತಕಕ್ಕೆ ಅಂಟಿಸಿ ಫೋಟೊ ತೆಗೆದರೆ ಬ್ಯಾಚ್ ಸಂಖ್ಯೆ, ಅವಧಿ ಎರಡೂ ಬಂದಂತೆ. ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟು ಹೋಗುವ ಊರಿನಲ್ಲಿ ಯಾವ ಬ್ಯಾಚು ಯಾವ ನಾಯಿಗೆ ಹೋಗಿದೆ ಎಂದು ಗೊತ್ತಿದ್ದರೆ ಮಾತ್ರ ಯಾರಿಗೆ ಮತ್ತೆ ಹಾಕಬೇಕೆಂದು ವೈದ್ಯರು ಹೇಳಬಲ್ಲರು.

ಮರಿಗಳ ವಿಷಯದಲ್ಲಿ ‘ಎರಡು ಡೋಸ್ ಆಗಿದೆ’ ಅನ್ನುವುದು ಅರ್ಧ ಮಾತು. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಇರುವವರೆಗೆ ಪಾರ್ವೊ, ಡಿಸ್ಟೆಂಪರ್ ಎಂಬ ವೈರಸ್ ರೋಗಗಳ ಲಸಿಕೆ ಸರಿಯಾಗಿ ಹಿಡಿಯದಿರಬಹುದು. ಅದಕ್ಕೇ 6ರಿಂದ 8 ವಾರಕ್ಕೆ ಶುರುಮಾಡಿ 3-4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೂ ಹಾಕುವುದು. 6 ಮತ್ತು 9ನೇ ವಾರದಲ್ಲಿ ಎರಡು ಆಗಿದ್ದರೆ ಇನ್ನೂ ಮುಗಿದಿಲ್ಲ. ಆದ್ದರಿಂದ ಡೋಸಿನ ಜೊತೆ ಆ ದಿನದ ವಯಸ್ಸನ್ನೂ ಬರೆಯಿರಿ. ರೇಬಿಸ್ ಸಾಮಾನ್ಯವಾಗಿ 3 ತಿಂಗಳು ತುಂಬಿದ ಮೇಲೆ. ಇಲಿಜ್ವರದ ಲಸಿಕೆಗೆ ಆರಂಭದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ಗದ್ದೆ, ಅಡಿಕೆ ತೋಟದ ನೀರಿನಲ್ಲಿ ಓಡಾಡುವ ನಾಯಿಗೆ ಇದನ್ನು ತಪ್ಪಿಸಬಾರದು.

ಈಗ ಉಣುಗು. ದಾಖಲೆಯಲ್ಲಿ ‘ಉಣುಗಿನ ಜ್ವರ’ ಎಂದಷ್ಟೇ ಬರೆದರೆ ಮಲೆನಾಡಿನವರಿಗೆ ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ. ನಾಯಿಗೆ ಎರ್ಲಿಕಿಯಾ ತರುವುದು ಗೂಡಿನ ಗೋಡೆ ಬಿರುಕಿನಲ್ಲೂ ಬದುಕುವ ಕಂದು ಉಣುಗು. ರೋಗದ ಹೆಸರನ್ನೇ ಬರೆಯಿರಿ, ಇಲ್ಲದಿದ್ದರೆ ದತ್ತು ಕೇಳಿಕೊಂಡು ಬಂದವರು ಹೆದರಿ ವಾಪಸ್ ಹೋಗುತ್ತಾರೆ.

ಯಾವ ಪರೀಕ್ಷೆ ಎಂಬುದೂ ಬೇಕು. ಕಿಟ್‌ನಲ್ಲಿ ನೋಡುವುದು ಪ್ರತಿಕಾಯ, ಅಂದರೆ ರೋಗದ ವಿರುದ್ಧ ಮೈ ತಯಾರಿಸಿದ ಪ್ರೋಟೀನು. ರೋಗ ಗುಣವಾದ ಮೇಲೂ ಎಷ್ಟೋ ತಿಂಗಳು ಅದು ಪಾಸಿಟಿವ್ ತೋರಿಸುತ್ತದೆ. ಬರೀ ‘ಪಾಸಿಟಿವ್’ ಎಂದಿದ್ದರೆ ಮುಂದಿನವರು ಮತ್ತೆ ಅದೇ ಔಷಧ ಶುರುಮಾಡಬಹುದು. ಕಿಟ್ಟೋ, ರಕ್ತದ ಸ್ಲೈಡೋ, ಪಿಸಿಆರ್ರೋ (ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ಬರೆಯಿರಿ, ಅಂದಿನ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣ) ಸಂಖ್ಯೆಯನ್ನೂ ಸೇರಿಸಿ. ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ. ಹತ್ತನೇ ದಿನಕ್ಕೆ ನಾಯಿ ಲವಲವಿಕೆಯಿಂದ ಅನ್ನ ತಿನ್ನುತ್ತದೆ, ಮಾತ್ರೆ ನಿಂತುಹೋಗುತ್ತದೆ. ದಿನಕ್ಕೊಂದು ಸಾಲು ಇದ್ದರೆ ನಿಂತದ್ದು ಕಣ್ಣಿಗೆ ಬೀಳುತ್ತದೆ. ‘ಅರ್ಧ ಮಾತ್ರೆ’ ಬೇಡ, ಮಿಲಿಗ್ರಾಂ ಬರೆಯಿರಿ. ಒಂದೇ ಔಷಧ 100ರಲ್ಲೂ 300ರಲ್ಲೂ ಸಿಗುತ್ತದೆ. ತೂಕಕ್ಕೆ ಮನೆಯ ತಕ್ಕಡಿ ಸಾಕು: ನಾಯಿಯನ್ನು ಎತ್ತಿಕೊಂಡು ನಿಂತು, ನಿಮ್ಮ ತೂಕ ಕಳೆಯಿರಿ.

ಮೂಗಿನಲ್ಲಿ ರಕ್ತ ಬಂದರೆ ಎರಡು ಸಾಧ್ಯತೆ ನಮ್ಮ ಕಡೆ ಮೊದಲು ನೆನಪಾಗಬೇಕು. ಪ್ಲೇಟ್‌ಲೆಟ್ ಕುಸಿದಿರಬಹುದು, ಇಲ್ಲವೇ ಮೂಗಿನೊಳಗೆ ಉಂಬಳ (ಜಿಗಣೆ) ಸೇರಿರಬಹುದು. ಒಂದು ಹೊಳ್ಳೆಯೋ ಎರಡೂ ಹೊಳ್ಳೆಯೋ, ಹಿಂದಿನ ದಿನಗಳಲ್ಲಿ ಹಳ್ಳದ ನೀರು ಕುಡಿದಿತ್ತೋ ಎಂದು ಬರೆದು, ಹತ್ತು ಸೆಕೆಂಡಿನ ವಿಡಿಯೊ ಸೇರಿಸಿ. ಸಂತಾನಹರಣಕ್ಕೆ ಕರೆದೊಯ್ಯುವ ಮುನ್ನ ವೈದ್ಯರಿಗೆ ಈ ಸಾಲನ್ನು ತೋರಿಸಲೇಬೇಕು.

ಗೂಡಿನ ಸಂಖ್ಯೆಯನ್ನು ಬರೆಯಲು ಎಲ್ಲರಿಗೂ ಬೇಸರ. ಒಂದು ಮರಿಗೆ ಪಾರ್ವೊ ಬಂದ ದಿನ ಅದರ ಬೆಲೆ ಗೊತ್ತಾಗುತ್ತದೆ. ಹಿಂದಿನ 14 ದಿನ ಆ ಗೂಡಿನಲ್ಲಿ, ಪಕ್ಕದ ಗೂಡಿನಲ್ಲಿ ಇದ್ದವರನ್ನೆಲ್ಲ ಫಿಲ್ಟರ್ ಹಾಕಿ ತೆಗೆಯಬಹುದು. ಆ ನಡುವೆ ದತ್ತು ಹೋದ ಮರಿಯಿದ್ದರೆ ಅಂದೇ ಫೋನ್ ಮಾಡಬೇಕು. ಸತ್ತ ಮರಿಯ ಸಾಲುಗಳನ್ನು ಅಳಿಸಬೇಡಿ. ವೈರಸ್ ಆ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಶೀಟಿನ ಒಡೆತನ ಒಬ್ಬ ಸ್ವಯಂಸೇವಕರ ಸ್ವಂತ ಜಿಮೇಲಿನಲ್ಲಿ ಇರಬಾರದು. ಅವರು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರೆ ಶೀಟೂ ಹೋದಂತೆ. ಗುಂಪಿನ ಹೆಸರಲ್ಲೇ ಖಾತೆ ತೆರೆದು, ಇಬ್ಬರ ಬಳಿ ಪಾಸ್‌ವರ್ಡ್ ಇರಲಿ, ತಿಂಗಳಿಗೊಮ್ಮೆ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿಗೆ ಹಾಕಿ. ದತ್ತು ಪಡೆದವರ ವಿಳಾಸ, ಆಧಾರ್ ಪ್ರತಿಯನ್ನು ಎಲ್ಲರೂ ನೋಡುವ ಈ ಶೀಟಿಗೆ ಸೇರಿಸಬೇಡಿ. ನೆಟ್‌ವರ್ಕ್ ಸಿಗದ ಕಡೆ ನಾಯಿ ತರಲು ಹೋಗುವವರು ಶೀಟನ್ನು ಮೊದಲೇ ಆಫ್‌ಲೈನ್ ಮಾಡಿಟ್ಟುಕೊಳ್ಳಲಿ.

ನಾಯಿ ಹೊರಡುವ ದಿನ ಲಿಂಕ್ ಕೊಡುವುದಕ್ಕಿಂತ ಎರಡು ಪುಟದ ಪಿಡಿಎಫ್ ಕೊಡಿ. ಲಿಂಕ್ ತೆರೆಯಲು ಅನುಮತಿ ಕೇಳುತ್ತದೆ, ರಾತ್ರಿ ಹನ್ನೊಂದಕ್ಕೆ ಅನುಮತಿ ಕೊಡುವವರು ಯಾರೂ ಎಚ್ಚರ ಇರುವುದಿಲ್ಲ. ಮೊದಲ ಪುಟದ ಮೇಲ್ಗಡೆಯೇ ನಡೆಯುತ್ತಿರುವ ಔಷಧ, ಮುಂದಿನ ಲಸಿಕೆಯ ದಿನ, ಒಗ್ಗದ ಔಷಧ. ನಮಗೆ ಸಿಗುವ ಮುಂಚಿನದು ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎಂದೇ ಬರೆಯಿರಿ. ಖಾಲಿ ಬಿಟ್ಟರೆ ‘ಇಲ್ಲ’ ಎಂದು ಓದಿಕೊಳ್ಳುತ್ತಾರೆ. ಕೋರ್ಸ್ ನಡುವೆ ಹೊರಟಿದ್ದರೆ ‘17ನೇ ದಿನ ಮುಗಿದಿದೆ, 11 ದಿನ ಬಾಕಿ’ ಎಂದು ಬರೆದು, ಆ 11 ದಿನದ ಮಾತ್ರೆಯನ್ನು ಮನೆಯವರ ಎದುರೇ ಎಣಿಸಿ ಕೈಗೆ ಕೊಡಿ.