1024×768ಕ್ಕೇ ನಿಂತುಬಿಟ್ಟ ಮಾನಿಟರ್: ಲಿನಕ್ಸ್‌ನಲ್ಲಿ ಮೊದಲು ಕೇಬಲ್ ನೋಡಿ

ಫುಲ್ ಎಚ್‌ಡಿ ಮಾನಿಟರ್ ಇದೆ, ಆದರೆ ಲಿನಕ್ಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 1024×768ಕ್ಕಿಂತ ಮೇಲಿನ ಆಯ್ಕೆಯೇ ಇಲ್ಲ. ಈ ಸಂಖ್ಯೆಯೇ ದೊಡ್ಡ ಸುಳಿವು. ಮಾನಿಟರ್‌ನಿಂದ ಯಾವ ಮಾಹಿತಿಯೂ ಬಾರದಿದ್ದಾಗ ಲಿನಕ್ಸ್‌ನ ತಿರುಳಾದ ಕರ್ನಲ್ ತಾನಾಗಿ ಕೊಡುವ ಗರಿಷ್ಠ ಅಳತೆ ಅದು. ಹಾಗೆ ಹಿಗ್ಗಿಸಿದ ಪರದೆಯಲ್ಲಿ ಕನ್ನಡ ಓದುವುದೇ ಹಿಂಸೆ. ‘ರಾಷ್ಟ್ರ’ದಲ್ಲಿ ಷಕಾರದ ಕೆಳಗಿನ ಎರಡೂ ಒತ್ತುಗಳು ಕಲಸಿ ಒಂದೇ ಕಪ್ಪು ಕಲೆಯಾಗುತ್ತವೆ. ಹಾಗಾಗಿ ‘ಹೇಗೋ ನಡೆಯುತ್ತೆ’ ಎಂದು ಬಿಡಬೇಡಿ, ಸರಿಮಾಡಿಕೊಳ್ಳಿ.

ಮಾನಿಟರ್ ಒಳಗೆ ಇಡಿಐಡಿ ಎಂಬ ಪುಟ್ಟ ದಾಖಲೆ ಇರುತ್ತದೆ. ಮೂಲ ಭಾಗ 128 ಬೈಟ್. ಅದರಲ್ಲಿ 54ನೇ ಬೈಟ್‌ನಿಂದ ಶುರುವಾಗುವ 18 ಬೈಟ್‌ಗಳಲ್ಲಿ ಮಾನಿಟರ್‌ಗೆ ಒಗ್ಗುವ ಅಳತೆ ಬರೆದಿರುತ್ತದೆ. ವಿಜಿಎ ಕೇಬಲ್‌ನಲ್ಲಿ ಇದು ಬರುವುದು 12 ಮತ್ತು 15ನೇ ಪಿನ್‌ಗಳ ಮೂಲಕ. ಚಿತ್ರದ ಬಣ್ಣಗಳು ಬರುವುದು 1, 2, 3ನೇ ಪಿನ್‌ಗಳಲ್ಲಿ. ಆದ್ದರಿಂದಲೇ ಪಿನ್ 12 ಬಾಗಿದ್ದರೂ ಚಿತ್ರ ಚೆನ್ನಾಗಿಯೇ ಬರುತ್ತದೆ, ರೆಸಲ್ಯೂಷನ್ ಮಾತ್ರ ಸಿಗುವುದಿಲ್ಲ. ಅಗ್ಗದ ವಿಜಿಎ ಕೇಬಲ್, ಸ್ಪ್ಲಿಟರ್, ಒಂದೇ ಮಾನಿಟರನ್ನು ಹಲವು ಕಂಪ್ಯೂಟರ್‌ಗಳಿಗೆ ಹಂಚುವ ಕೆವಿಎಂ ಸ್ವಿಚ್, ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಅಡಾಪ್ಟರ್, ಇವುಗಳ ಮೇಲೆ ಮೊದಲು ಅನುಮಾನ ಪಡಿ. 9ನೇ ಪಿನ್ ಇಲ್ಲದ್ದು ಕಂಡರೆ ಗಾಬರಿ ಬೇಡ, ಎಷ್ಟೋ ಕೇಬಲ್‌ಗಳಲ್ಲಿ ಅದು ಇರುವುದೇ ಇಲ್ಲ.

ದಾಖಲೆ ತಲುಪಿದೆಯೋ ಇಲ್ಲವೋ ನೋಡುವುದು ಸುಲಭ. /ಸಿಸ್/ಕ್ಲಾಸ್/ಡಿಆರ್‌ಎಂ ಒಳಗೆ ಪ್ರತಿ ಪೋರ್ಟ್‌ಗೂ ಒಂದು ಫೋಲ್ಡರ್, ಅದರಲ್ಲಿ ಇಡಿಐಡಿ ಎಂಬ ಫೈಲ್. ಎಲ್‌ಎಸ್ ಕೊಟ್ಟು ಗಾತ್ರ ನೋಡಬೇಡಿ; ಎಲ್ಲ ಸರಿಯಿದ್ದರೂ ಅದು 0 ಎಂದೇ ತೋರಿಸುತ್ತದೆ. ಕ್ಯಾಟ್‌ನಿಂದ ಓದಿಸಿ ಡಬ್ಲ್ಯುಸಿಗೆ ಪೈಪ್ ಮಾಡಿ ಬೈಟ್ ಎಣಿಸಿ. 128 ಅಥವಾ 256 ಬಂದರೆ ದಾಖಲೆ ತಲುಪಿದೆ. 0 ಬಂದರೆ ಕೇಬಲ್ ಬದಲಿಸಿ, ಮಧ್ಯದ ಸ್ವಿಚ್ಚು, ಸ್ಪ್ಲಿಟರ್ ತೆಗೆದು ನೇರವಾಗಿ ಜೋಡಿಸಿ, ಮಾನಿಟರ್‌ನ ಪವರ್ ವೈರನ್ನು ಒಂದು ನಿಮಿಷ ಕಿತ್ತಿಟ್ಟು ಮತ್ತೆ ಹಾಕಿ. ಕಮಾಂಡ್‌ಗಳ ಗೋಜಿಗೆ ಹೋಗುವ ಮುನ್ನ ಇಷ್ಟು ಮಾಡಲೇಬೇಕು.

ದಾಖಲೆ ಬಂದಿದ್ದೂ ಒಂದೇ ಒಂದು ಅಳತೆ ಕಾಣುತ್ತಿದೆ ಅಥವಾ ಡಿಆರ್‌ಎಂ ಫೋಲ್ಡರ್‌ನಲ್ಲಿ ಪೋರ್ಟುಗಳೇ ಇಲ್ಲ ಎಂದರೆ ತೊಂದರೆ ಡ್ರೈವರ್‌ನದು. ಬೂಟ್ ಆಗುವಾಗ ಕರ್ನಲ್‌ಗೆ ಕೊಟ್ಟ ಆಯ್ಕೆಗಳಿರುವ /ಪ್ರಾಕ್/ಸಿಎಂಡಿಲೈನ್ ತೆರೆದು, ಗ್ರಾಫಿಕ್ಸ್ ಡ್ರೈವರನ್ನು ತಡೆಯುವ ‘ನೋಮೋಡ್‌ಸೆಟ್’ ಇದೆಯೇ ನೋಡಿ. ಇನ್‌ಸ್ಟಾಲ್ ಮಾಡುವಾಗ ಹಾಕಿದ್ದು ಹಾಗೇ ಉಳಿದಿರುವುದುಂಟು. ಎನ್‌ವಿಡಿಯಾ ಕಾರ್ಡ್ ಇದ್ದು ಸೆಕ್ಯೂರ್ ಬೂಟ್ ಆನ್ ಆಗಿದ್ದರೆ, ಸಹಿಯಿಲ್ಲದ ಡ್ರೈವರ್ ಲೋಡ್ ಆಗದೆ ಇರಬಹುದು.

ಕೇಬಲ್ ಬದಲಿಸಲು ಸಾಧ್ಯವೇ ಇಲ್ಲದಿದ್ದರೆ ಕೈಯಾರೆ ಮೋಡ್ (ಪರದೆಯ ಅಳತೆ, ವೇಗಗಳ ವಿವರ) ಸೇರಿಸಬೇಕು. ಲಿನಕ್ಸ್‌ನಲ್ಲಿ ಪರದೆ ತೋರಿಸುವ ವ್ಯವಸ್ಥೆ ಎರಡು: ಹಳೆಯ ಎಕ್ಸ್11, ಹೊಸ ವೇಲ್ಯಾಂಡ್. ಎಕ್ಸ್11 ಸೆಷನ್‌ನಲ್ಲಿ ಸಿವಿಟಿ ಕಮಾಂಡ್‌ಗೆ 1920 1080 60 ಕೊಟ್ಟರೆ ಆ ವಿವರದ ಸಾಲು, ಅಂದರೆ ಮೋಡ್‌ಲೈನ್, ಸಿಗುತ್ತದೆ. ಅದನ್ನು ಪರದೆಯ ಅಳತೆ ಬದಲಿಸುವ ಎಕ್ಸ್‌ರ್ಯಾಂಡರ್ ಕಮಾಂಡ್‌ಗೆ ನ್ಯೂಮೋಡ್ ಆಗಿ ಕೊಟ್ಟು, ಆ್ಯಡ್‌ಮೋಡ್‌ನಿಂದ ಪೋರ್ಟ್‌ಗೆ ಸೇರಿಸಿ, ಕೊನೆಗೆ ಔಟ್‌ಪುಟ್ ಮತ್ತು ಮೋಡ್ ಹೇಳಿ ಆರಿಸಿ. ಇಲ್ಲಿ ಹಲವರು ಮುಗ್ಗರಿಸುತ್ತಾರೆ. ಸಿವಿಟಿ ಸುಮ್ಮನೆ ಕೊಡುವ ಮೋಡ್‌ಲೈನ್‌ನ ಪಿಕ್ಸೆಲ್ ಕ್ಲಾಕ್ (ಪಿಕ್ಸೆಲ್‌ಗಳನ್ನು ಕಳಿಸುವ ವೇಗ) 173 ಮೆಗಾಹರ್ಟ್ಸ್. ಸಿಂಗಲ್ ಲಿಂಕ್ ಡಿವಿಐ ಮತ್ತು ಹಳೆಯ ಎಚ್‌ಡಿಎಂಐ ಪೋರ್ಟ್‌ಗಳ ಮಿತಿ 165. ಹಾಗಾಗಿ ಮೋಡ್ ಸೇರುತ್ತದೆ, ಆರಿಸಲು ಹೋದರೆ ಎರರ್ ಇಲ್ಲವೇ ಕಪ್ಪು ಪರದೆ. ಸಿವಿಟಿಗೆ ಮೈನಸ್ ಆರ್ ಸೇರಿಸಿದರೆ ಸಾಲುಗಳ ನಡುವೆ ಬಿಡುವ ಖಾಲಿ ಅಂತರ ಕಡಿಮೆಯಾಗಿ ಕ್ಲಾಕ್ 138.5ಕ್ಕೆ ಇಳಿಯುತ್ತದೆ:

138.50 1920 1968 2000 2080 1080 1083 1088 1111

ಎಲ್‌ಸಿಡಿಗಳಿಗೆ ಇದನ್ನೇ ಮೊದಲು ಪ್ರಯತ್ನಿಸಿ. 1366×768 ಪ್ಯಾನೆಲ್‌ನ ಕಿರಿಕಿರಿ ಬೇರೆ: 1366 ಎಂಟರಿಂದ ಭಾಗವಾಗುವುದಿಲ್ಲ, ಸಿವಿಟಿ ಅದನ್ನು 1368 ಮಾಡಿಬಿಡುತ್ತದೆ. ಅಕ್ಷರ ತುಸು ಮಸುಕಾದರೆ ಕಾರಣ ಅದೇ.

ವೇಲ್ಯಾಂಡ್ ಸೆಷನ್‌ನಲ್ಲಿ ಎಕ್ಸ್‌ರ್ಯಾಂಡರ್‌ನಿಂದ ಮೋಡ್ ಸೇರಿಸಲು ಬರುವುದಿಲ್ಲ. ಅಲ್ಲಿ ಲಿನಕ್ಸನ್ನು ಬೂಟ್ ಮಾಡಿಸುವ ಗ್ರಬ್‌ನ ಕರ್ನಲ್ ಸಾಲಿನಲ್ಲಿ ವಿಡಿಯೋ ಪ್ಯಾರಾಮೀಟರ್ ಕೊಡಬೇಕು: ಪೋರ್ಟ್‌ನ ಹೆಸರು, ಕೋಲನ್, ಅಳತೆ, ಅದಕ್ಕೆ ಅಂಟಿಕೊಂಡಂತೆ ದೊಡ್ಡಕ್ಷರದ ಎಂ ಮತ್ತು ಆರ್, ಆಮೇಲೆ @60. ಆರ್ ಎಂದರೆ ಮೇಲೆ ಹೇಳಿದ ಕಡಿಮೆ ಅಂತರವೇ. ಡೆಬಿಯನ್, ಉಬುಂಟುಗಳಲ್ಲಿ /ಇಟಿಸಿ/ಡೀಫಾಲ್ಟ್/ಗ್ರಬ್ ತಿದ್ದಿ ಅಪ್‌ಡೇಟ್-ಗ್ರಬ್ ಓಡಿಸಿ ರೀಬೂಟ್ ಮಾಡಿ. ಹೆಸರಿನಲ್ಲಿ ಮಾತ್ರ ಎಚ್ಚರ: ಎಕ್ಸ್‌ರ್ಯಾಂಡರ್ ಎಚ್‌ಡಿಎಂಐ-1 ಎನ್ನುವ ಪೋರ್ಟನ್ನು ಕರ್ನಲ್ ಎಚ್‌ಡಿಎಂಐ-ಎ-1 ಎನ್ನುತ್ತದೆ. ಡಿಆರ್‌ಎಂ ಫೋಲ್ಡರ್‌ನಲ್ಲಿ ಕಂಡ ಹೆಸರನ್ನೇ, ಮುಂದಿನ ‘ಕಾರ್ಡ್0-’ ಬಿಟ್ಟು, ಬರೆಯಿರಿ. ತಪ್ಪು ಹೆಸರು ಕೊಟ್ಟರೆ ಯಾವ ದೂರೂ ಬರುವುದಿಲ್ಲ, ಪರಿಣಾಮವೂ ಇರುವುದಿಲ್ಲ.

ಎಕ್ಸ್‌ರ್ಯಾಂಡರ್‌ನಲ್ಲಿ ಮಾಡಿದ್ದು ಲಾಗ್‌ಔಟ್ ಆದರೆ ಹೋಗುತ್ತದೆ. ಉಳಿಯಬೇಕಾದರೆ ಆ ಮೂರು ಸಾಲುಗಳನ್ನು ಹೋಮ್ ಫೋಲ್ಡರ್‌ನ ಎಕ್ಸ್‌ಪ್ರೊಫೈಲ್ ಫೈಲ್‌ನಲ್ಲಿ ಹಾಕಿ. ಹೆಸರಿನ ಮುಂದೆ ಚುಕ್ಕೆ ಇರಲಿ. ಗ್ನೋಮ್‌ನಲ್ಲಿ ಡೆಸ್ಕ್‌ಟಾಪ್ ಸರಿಯಿದ್ದು ಲಾಗಿನ್ ಪರದೆ ಮಾತ್ರ ದಪ್ಪಗೆ ಕಾಣುತ್ತಿದ್ದರೆ, ಅದಕ್ಕೆ ಬೇರೆಯೇ ಸೆಟ್ಟಿಂಗ್ ಇದೆ ಎಂದರ್ಥ. ನಿಮ್ಮ ಕಾನ್ಫಿಗ್ ಫೋಲ್ಡರ್‌ನ ಮಾನಿಟರ್ಸ್ ಎಕ್ಸ್‌ಎಂಎಲ್ ಫೈಲನ್ನು ಲಾಗಿನ್ ಪರದೆ ತೋರಿಸುವ ಜಿಡಿಎಂನ ಕಾನ್ಫಿಗ್ ಫೋಲ್ಡರ್‌ಗೂ ನಕಲು ಮಾಡಿ, ಜಿಡಿಎಂ ಬಳಕೆದಾರ ಅದನ್ನು ಓದಲು ಅನುಮತಿ ಕೊಡಿ.