ಗಂಜಾಂನ ಕೊಬ್ಬಿದ ಕರು

ಮೈಸೂರಿನಲ್ಲಿ ಚರ್ಚು ನೋಡಬೇಕು ಎಂದರೆ ಆಟೋದವರು ಮರುಮಾತಿಲ್ಲದೆ ಸೇಂಟ್ ಫಿಲೋಮಿನಾ ಮುಂದೆ ಇಳಿಸುತ್ತಾರೆ. ಶನಿವಾರ ಸಂಜೆ ನನಗೂ ಅದೇ ಆಯಿತು. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲು ಹಾಕಿದ ಕಟ್ಟಡ, 175 ಅಡಿಯ ಜೋಡಿ ಶಿಖರ, ಒಳಗೆ ಬಣ್ಣದ ಗಾಜಿನಲ್ಲಿ ಕ್ರಿಸ್ತನ ಜನನ, ಕಡೆಯ ಭೋಜನ, ಶಿಲುಬೆ. ಅಕ್ಷರ ಬಾರದ ಯುರೋಪಿನ ರೈತರಿಗೆ ಶತಮಾನಗಳ ಕಾಲ ಬೈಬಲ್ ಸಿಕ್ಕಿದ್ದು ಹೆಚ್ಚಾಗಿ ಹೀಗೆಯೇ, ಗಾಜಿನಲ್ಲಿ ಮತ್ತು ಗೋಡೆಯಲ್ಲಿ. ಸೆಲ್ಫಿಯವರ ನಡುವೆ ನುಸುಳಿ ಒಂದು ಸುತ್ತು ಹಾಕಿ ಹೊರಬಂದೆ. ನಾನು ಬಂದದ್ದು ಇದಕ್ಕಲ್ಲ.

ನಾನು ಹೊರಟಿದ್ದು ಗಂಜಾಂಗೆ, ಅದೂ ಇಂಥದೇ ಭಾನುವಾರ ಎಂದು ಗುರುತು ಹಾಕಿಕೊಂಡು. ಕಥೋಲಿಕ ಚರ್ಚುಗಳಲ್ಲಿ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ. ಈಸ್ಟರ್ ಹಬ್ಬಕ್ಕೆ ಮುಂಚೆ ಬರುವ ತಪಸ್ಸು ಕಾಲದ ನಾಲ್ಕನೇ ಭಾನುವಾರ, ಮೂರು ವರ್ಷಕ್ಕೊಂದು ಸಲ, ಲೂಕನ ಶುಭಸಂದೇಶದ ಹದಿನೈದನೇ ಅಧ್ಯಾಯ ಓದುತ್ತಾರೆ. ದುಂದುಗಾರ ಮಗನ ಸಾಮತಿ, ಅಂದರೆ ದೃಷ್ಟಾಂತದ ಕತೆ: ಆಸ್ತಿಯಲ್ಲಿ ಪಾಲು ಪಡೆದು ಹೋದ ಕಿರಿಯ ಮಗ ಎಲ್ಲ ಉಡಾಯಿಸಿ ಬರಿಗೈಯಲ್ಲಿ ಮರಳುತ್ತಾನೆ, ಅಪ್ಪ ಔತಣ ಮಾಡಿಸುತ್ತಾನೆ. ಅದನ್ನು ಗಂಜಾಂನಲ್ಲೇ ಕೇಳಬೇಕೆಂಬ ಹಟಕ್ಕೆ ಕಾರಣ ಇನ್ನೂರು ವರ್ಷ ಹಳೆಯ ಒಂದು ಜಗಳ.

ಬೆಳಿಗ್ಗೆಯ ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಹದಿನೈದು ಕಿಲೋಮೀಟರು. ಮಾರ್ಚ್ ಮುಗಿಯುತ್ತಾ ಬಂದಿತ್ತು, ಕಾವೇರಿಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು. ಕೋಟೆಯ ಬಳಿ ಇಳಿದು, ದರಿಯಾ ದೌಲತ್ ದಾಟಿ, ಗುಂಬಜ್ ಕಡೆ ಹೋಗುವ ರಸ್ತೆ ಹಿಡಿದರೆ ಗಂಜಾಂ. ಪ್ರವಾಸಿ ವಾಹನಗಳೆಲ್ಲ ನಿಮಿಷಾಂಬಾ ಗುಡಿಗೋ ಸಂಗಮಕ್ಕೋ ಸೀದಾ ಓಡುತ್ತವೆ. ಚರ್ಚಿನ ಮುಂದೆ ಯಾರೂ ಬ್ರೇಕ್ ಒತ್ತುವುದಿಲ್ಲ. ಫಿಲೋಮಿನಾ ನೋಡಿ ಬಂದ ಕಣ್ಣಿಗೆ ಇದು ಏನೂ ಅಲ್ಲ, ಸಾದಾ ಹಳ್ಳಿ ಚರ್ಚು. ಆದರೆ ಬೈಬಲನ್ನು ಕನ್ನಡಕ್ಕೆ ತರಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಈ ಸೀಮೆಯಲ್ಲಿ ಅತ್ಯಂತ ಗಂಭೀರವಾಗಿ ಯೋಚಿಸಿದ ಮನುಷ್ಯನ ಹೆಸರು ಅಂಟಿಕೊಂಡಿರುವುದು ಇದಕ್ಕೇ.

ಅಬ್ಬೆ ದುಬ್ವಾ ಫ್ರಾನ್ಸಿನ ಪಾದ್ರಿ. 1792ರಲ್ಲಿ ಭಾರತಕ್ಕೆ ಬಂದವರು, 1799ರಲ್ಲಿ ಟಿಪ್ಪು ಮಡಿದ ಮೇಲೆ, ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಇತ್ತ ಬಂದರು. ಇಲ್ಲಿಯವರಂಥ ಉಡುಪು, ಪೇಟ, ಮಾಂಸವಿಲ್ಲದ ಊಟ. ಜನ ‘ದೊಡ್ಡಸ್ವಾಮಿಯವರು’ ಎಂದರು. ಸಿಡುಬಿಗೆ ಚುಚ್ಚುಮದ್ದು ಹಾಕಿಸಿದರು. ನಮ್ಮ ಜಾತಿ, ಮದುವೆ, ಮಡಿ, ಮೈಲಿಗೆಗಳ ಬಗ್ಗೆ ದಪ್ಪ ಪುಸ್ತಕವನ್ನೂ ಬರೆದರು. ಅದರಲ್ಲಿನ ಕೆಲವು ಮಾತು ಇವತ್ತು ಓದಿದರೆ ಮೈ ಉರಿಯುತ್ತದೆ, ಆ ವಿಷಯ ಬಿಡಿ. 1823ರಲ್ಲಿ ಊರಿಗೆ ಮರಳಿ, ಲಂಡನ್ನಿನಲ್ಲಿ ತಮ್ಮ ಪತ್ರಗಳನ್ನು ಅಚ್ಚು ಹಾಕಿಸಿದರು. ಅದರ ಸಾರ ಒಂದೇ: ಬೈಬಲನ್ನು ಈ ದೇಶದ ಭಾಷೆಗಳಿಗೆ ಬರಿದೇ ಅನುವಾದಿಸಿ ಹಂಚುವುದು ವ್ಯರ್ಥ, ಕೆಡುಕು ಕೂಡ.

ಅವರ ಗುರಿ ಬಳ್ಳಾರಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿ ನೆಲೆನಿಂತು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತಿದ್ದರು. ಅತ್ತ ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿ ಬಳಗವೂ ಕನ್ನಡಕ್ಕೆ ಕೈ ಹಾಕಿತ್ತು. ದುಬ್ವಾ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಕನ್ನಡ ಅನುವಾದದಿಂದ ಮೊದಲ ಅಧ್ಯಾಯವನ್ನು ಪದಕ್ಕೆ ಪದ ತಿರುಗಿ ಇಂಗ್ಲಿಷಿಗೆ ತಂದು, ನೋಡಿ, ಇದು ಹೇಗಿದೆ ಎಂದು ಮುಂದಿಟ್ಟರು. ತುಸು ಅನ್ಯಾಯದ ಪರೀಕ್ಷೆ ಅದು. ಹಾಗೆ ತಿರುಗಿಸಿದರೆ ಯಾವ ಅನುವಾದ ತಾನೇ ಮಾನ ಉಳಿಸಿಕೊಂಡೀತು? ಹ್ಯಾಂಡ್ಸ್ ನಿಲ್ಲಿಸಲಿಲ್ಲ. 1831ರಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಶತಮಾನದ ನಡುವಿಗೆ ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಅದನ್ನು ತಿದ್ದಲು ಕೂತರು.

ಜಗಳ ಇಬ್ಬರದೇ ಅಲ್ಲ. ಹ್ಯಾಂಡ್ಸ್ ಬೆನ್ನ ಹಿಂದೆ 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ನಿಗೆ ತಂದ ಲೂಥರ್ ಇದ್ದಾರೆ, ಇಂಗ್ಲಿಷಿಗೆ ತಂದು 1536ರಲ್ಲಿ ಪ್ರಾಣ ತೆತ್ತ ಟಿಂಡೇಲ್ ಇದ್ದಾರೆ. ಗ್ರಂಥವೇ ಗ್ರಂಥವನ್ನು ವಿವರಿಸುತ್ತದೆ, ಓದುಗನ ಕೈಗೆ ಕೊಡಿ ಎನ್ನುವ ಸಾಲು ಅದು. ದುಬ್ವಾ ಬೆನ್ನ ಹಿಂದೆ ಕಥೋಲಿಕರ ಟ್ರೆಂಟ್ ಮಹಾಸಭೆಯ 1546ರ ತೀರ್ಮಾನ ಇದೆ. ನಾಲ್ಕನೇ ಶತಮಾನದ ಕೊನೆಗೆ ಸಂತ ಜೆರೋಮ್ ಕೈಹಚ್ಚಿದ ಬೈಬಲಿನ ಲ್ಯಾಟಿನ್ ಪಾಠವೇ ಪ್ರಮಾಣ, ಅರ್ಥ ಹೇಳುವ ಹಕ್ಕು ಧರ್ಮಸಭೆಯದು ಎಂದ ಸಾಲು ಇದು. ಬೈಬಲಿನೊಳಗೇ ಇವರಿಗೊಂದು ಸಾಕ್ಷಿಯುಂಟು: ರಥದಲ್ಲಿ ಕೂತು ಪ್ರವಾದಿ ಯೆಶಾಯನ ಗ್ರಂಥ ಓದುತ್ತಿದ್ದ ಇಥಿಯೋಪಿಯದ ಅಧಿಕಾರಿಯನ್ನು ಫಿಲಿಪ್ಪ ‘ತಿಳಿಯಿತೇ?’ ಎಂದು ಕೇಳಿದಾಗ, ಹೇಳಿಕೊಡುವವರಿಲ್ಲದೆ ಹೇಗೆ ತಿಳಿದೀತು ಎನ್ನುತ್ತಾನೆ ಅವನು.

ಇನ್ನು ಕರುವಿನ ಕತೆ. ದುಬ್ವಾ ತಮ್ಮ ಸಭೆಯೊಂದರಲ್ಲಿ ದುಂದುಗಾರ ಮಗನ ಸಾಮತಿ ವಿವರಿಸುತ್ತಾ, ಮಗ ಮರಳಿದ ಸಂತೋಷಕ್ಕೆ ಅಪ್ಪ ಕೊಬ್ಬಿದ ಕರು ಕಡಿಸಿದ ಎಂದರು. ಮುಗಿದ ಮೇಲೆ ಕ್ರೈಸ್ತರೇ ಬಂದು, ಸ್ವಾಮಿ, ಕರು ಅನ್ನಬಾರದಿತ್ತು, ಹಿಂದೂಗಳು ಯಾರಾದರೂ ಕೇಳಿಸಿಕೊಂಡಿದ್ದರೆ ಏನು ಗತಿ, ಮುಂದಿನ ಸಲ ಕುರಿಮರಿ ಅಂತ ಹೇಳಿಬಿಡಿ ಎಂದರಂತೆ. ಕೇಳುವವರೇ ಹೀಗೆ ಬೆಚ್ಚುವಾಗ ಅಚ್ಚು ಹಾಕಿ ಬೀದಿಯಲ್ಲಿ ಹಂಚಿದರೆ ಏನಾದೀತು ಎಂಬುದು ಅವರ ವಾದ. ಇದನ್ನು ತಳ್ಳಿಹಾಕುವುದು ಸುಲಭವಲ್ಲ. ಮಾತು ಬೀಳುವ ನೆಲವನ್ನು ಅವರಷ್ಟು ಬಲ್ಲ ಪಾದ್ರಿಗಳು ಆಗ ಹೆಚ್ಚಿರಲಿಲ್ಲ.

ಕುರಿಮರಿ ಎಂದರೆ ಏನು ನಷ್ಟ? ಹಳೆಯ ವ್ಯಾಖ್ಯಾನಕಾರರನ್ನು ಕೇಳಿದರೆ ಏನೂ ಇಲ್ಲ. ಜೆರೋಮ್, ಆಗಸ್ಟೀನ್ ಇಬ್ಬರಿಗೂ ಆ ಕರು ಕ್ರಿಸ್ತನೇ. ಕ್ರಿಸ್ತ ದೇವರ ಕುರಿಮರಿಯೂ ಹೌದು. ಸಂಕೇತಾರ್ಥ ಹಿಡಿದು ಹೊರಟವನಿಗೆ ಕರುವೂ ಒಂದೇ ಕುರಿಯೂ ಒಂದೇ. ಅಂತಿಯೋಕ್ಯ ಎಂಬ ಊರಿನ ಹಳೆಯ ವ್ಯಾಖ್ಯಾನಪಂಥದ ಹಾಗೆ ಮೊದಲು ಕತೆಯ ನೇರ ಅರ್ಥ, ಸಂದರ್ಭ, ಹೇಳಿದ್ದು ಯಾರಿಗೆ ಎಂದು ನೋಡುವವನಿಗೆ ಮಾತ್ರ ತೊಡಕು. ಪಾಪಿಗಳ ಜೊತೆ ಊಟ ಮಾಡುತ್ತಾನಲ್ಲ ಎಂದು ಗೊಣಗಿದವರಿಗೆ ಯೇಸು ಹೇಳಿದ ಕತೆ ಇದು. ಅದರಲ್ಲಿ ಗೊಣಗುವವನು ಹಿರಿಯ ಮಗ: ಇಷ್ಟು ವರ್ಷ ದುಡಿದ ನನಗೆ ಒಂದು ಮೇಕೆ ಮರಿಯನ್ನೂ ಕೊಡಲಿಲ್ಲ, ಅವನಿಗೆ ಕೊಬ್ಬಿದ ಕರುವೇ? ಕರುವನ್ನು ಕುರಿಮರಿ ಮಾಡಿದಿರೋ, ಈ ಹೊಟ್ಟೆಕಿಚ್ಚು ನಗೆಪಾಟಲು. ಕುರಿಮರಿಗೂ ಮೇಕೆಮರಿಗೂ ಎಷ್ಟು ವ್ಯತ್ಯಾಸ ಮಹಾ! ಹಾಗಾಗಿ ನಾನು ಬಳ್ಳಾರಿಯ ಪಕ್ಷ. ಕರು ಕರುವಾಗಿಯೇ ಇರಲಿ, ಬೆಚ್ಚುವವರಿಗೆ ಕೂತು ವಿವರಿಸೋಣ.

ಬಲಿಪೂಜೆ, ಅಂದರೆ ಚರ್ಚಿನ ಭಾನುವಾರದ ಆರಾಧನೆ, ಶುರುವಾಯಿತು. ಹಾಡು, ಪ್ರಾರ್ಥನೆ, ವಾಚನ ಎಲ್ಲ ಕನ್ನಡ. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ಮೊದಲು ಪೂಜೆ ಲ್ಯಾಟಿನ್ನಿನಲ್ಲಿತ್ತು. ಅದೇ ಸಭೆ ಪ್ರತಿ ಬರಹದ ಪ್ರಕಾರ ಯಾವುದು, ಕಾಲ ಯಾವುದು, ಬರೆದವನ ಉದ್ದೇಶವೇನು ನೋಡಿ ಅರ್ಥ ಮಾಡಿ ಎಂದೂ ಹೇಳಿತು. ಸ್ವಾಮಿಗಳು ಶುಭಸಂದೇಶ ಓದಿದರು. ‘ಕೊಬ್ಬಿದ ಕರು’ ಬಂತು, ಹೋಯಿತು. ಯಾರೂ ಬೆಚ್ಚಲಿಲ್ಲ. ನಂತರದ ಪ್ರಬೋಧನೆ ಅಪ್ಪನ ಕರುಣೆಯ ಮೇಲೆ, ನನ್ನ ಮಟ್ಟಿಗೆ ಸಪ್ಪೆ. ಕರುವಿನ ಸುದ್ದಿಯೇ ಇಲ್ಲ.

ಹೊರಗೆ ನೆರಳಿನಲ್ಲಿ ನಿಂತಿದ್ದ ಹಿರಿಯರೊಬ್ಬರು, ಕಬ್ಬು ಬೆಳೆಯುವವರು, ಯಾವೂರು ಎಂದು ಮಾತಿಗೆಳೆದರು. ದೊಡ್ಡಸ್ವಾಮಿಯವರ ಕರುವಿನ ಪ್ರಸಂಗ ಹೇಳಿದೆ. ಪೂರ್ತಿ ಕೇಳಿ, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು.

‘ಕರುನೋ ಕುರಿನೋ, ಅದ್ಬುಡಿ. ಸಣ್ಣೋನು ಭಾಗ ಈಸ್ಕೊಂಡು ಹೋಗಿದ್ನಲ್ವಾ? ಅಂದ್ಮೇಲೆ ಮನೇಲಿ ಉಳ್ದಿದ್ದೆಲ್ಲ ದೊಡ್ಡೋನ್ದೇ. ಆ ಕರೂನೂವೆ. ಅವನ್ನ ಒಂದು ಮಾತು ಕೇಳ್ದಂಗೆ ಅಪ್ಪ ಕಡಿಸ್ಬುಟ್ಟ. ಪಾಪ, ಸಿಟ್ಟು ಬರ್ದೆ ಇದ್ದಾತಾ?’