ಬೆಳ್ಳುಳ್ಳಿ ವಾಸನೆಯ ಎರೆಹುಳು

ಅಮೆರಿಕದಲ್ಲಿ ತಮ್ಮನ ಮನೆಯಲ್ಲಿ ಮೂರು ವಾರ ಇದ್ದೆ. ಹಂಟ್ಸ್‌ವಿಲ್‌ನ ರಾಕೆಟ್ ಸಂಗ್ರಹಾಲಯವನ್ನೂ ನೋಡಿದೆ, ದೊಡ್ಡ ದೊಡ್ಡ ಅಂಗಡಿಗಳಲ್ಲೂ ಸುತ್ತಿದೆ. ಅವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನರಿದ್ದಾರೆ. ನನ್ನ ತಲೆಯಲ್ಲಿ ಉಳಿದದ್ದು ಅಲಬಾಮಾದ ಗಂಟರ್ಸ್‌ವಿಲ್ ಕೆರೆಯಲ್ಲಿ ಗಾಳ ಹಾಕಿದ ಒಂದೂವರೆ ದಿನ. ಅದರಲ್ಲಿ ಅರ್ಧ ದಿನ ದಾರದ ಸಿಕ್ಕು ಬಿಡಿಸುವುದರಲ್ಲೇ ಹೋಯಿತು.

ಕೆರೆ ಎನ್ನುತ್ತಾರೆಯೇ ಹೊರತು ಅದು ಹಿನ್ನೀರು. ಟೆನೆಸ್ಸೀ ನದಿಗೆ 1939ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನದು, ಸುಮಾರು 69,000 ಎಕರೆ. ಹೊಸನಗರದ ಕಡೆ ಹುಟ್ಟಿ ಲಿಂಗನಮಕ್ಕಿಯ ನೀರು ನೋಡಿ ಬೆಳೆದ ನಮಗೆ ಆ ವಿಸ್ತಾರವೇನೂ ಹೊಸದಲ್ಲ. ಹೊಸದು ನೀರೊಳಗಿನ ಜೊಂಡು. ಹೈಡ್ರಿಲ್ಲಾ ಎಂಬ ಕಳೆ ಎಕರೆಗಟ್ಟಲೆ ಹಬ್ಬಿಕೊಂಡಿದೆ. ಅದರ ನೆರಳಿನಲ್ಲಿ ಹೊಂಚು ಹಾಕಿ ಕೂರುವ ಮೀನೇ ಲಾರ್ಜ್‌ಮೌತ್ ಬಾಸ್. ಬಾಯಿಯ ಸೀಳು ಕಣ್ಣನ್ನೂ ದಾಟಿ ಹಿಂದೆ ಹೋಗಿರುತ್ತದೆ. ಬಾಯಿ ದೊಡ್ಡದು, ಹೆಸರು ಬಾಸ್. ಕಚೇರಿಯಲ್ಲಿ ದುಡಿದವರಿಗೆ ವಿವರಣೆ ಬೇಕಾಗಿಲ್ಲ.

ಮೊದಲ ದಿನದ ಕಥೆ ಹೇಳಿಬಿಡುತ್ತೇನೆ, ಇನ್ನೂ ಹೊಟ್ಟೆ ಉರಿಯುತ್ತಿದೆ. ಅಂಗಡಿಯವನ ಮಾತು ಕೇಳಿ ತಮ್ಮ ಎರಡು ಬೇಟ್‌ಕಾಸ್ಟಿಂಗ್ ರೀಲ್ ತಂದಿದ್ದ. ರೀಲ್ ಎಂದರೆ ಗಾಳದ ಕೋಲಿಗೆ ಸಿಕ್ಕಿಸುವ, ದಾರ ಸುತ್ತುವ ಯಂತ್ರ. "ಅಕ್ಕ, ಪಂದ್ಯ ಆಡುವವರೆಲ್ಲ ಇದನ್ನೇ ಬಳಸುತ್ತಾರೆ" ಎಂದ. ಇರಬಹುದು. ಈ ರೀಲಿನಲ್ಲಿ ಎಸೆದಾಗ ದಾರದ ಉರುಳೆ ತಾನೇ ತಿರುಗುತ್ತದೆ. ಗಾಳ ಗಾಳಿಗೆ ತಡೆದು ನಿಧಾನವಾದರೂ ಉರುಳೆಗೆ ಅದು ಗೊತ್ತಿಲ್ಲ, ಅದರ ಪಾಡಿಗೆ ದಾರ ಬಿಚ್ಚುತ್ತಲೇ ಇರುತ್ತದೆ. ಹೊರಗೆ ಹೋಗಲಾರದ ದಾರ ಒಳಗೇ ಉಬ್ಬಿ ಗಂಟಾಗುತ್ತದೆ. ಅಲ್ಲಿಯವರು ಅದನ್ನು ಹಕ್ಕಿಗೂಡು ಎನ್ನುತ್ತಾರೆ. ಆ ದಿನ ಎದುರುಗಾಳಿ, ನಮ್ಮ ಗಾಳ ಹಗುರ, ದಾರವೋ ಫ್ಲೋರೋಕಾರ್ಬನ್ ಎಂಬ ಗಡುಸು ಪ್ಲಾಸ್ಟಿಕ್ಕಿನದು. ಮಧ್ಯಾಹ್ನದೊಳಗೆ ನಾವಿಬ್ಬರೂ ಸೇರಿ ಹದಿನಾಲ್ಕು ಗೂಡು ಕಟ್ಟಿದೆವು. ಮೊಟ್ಟೆಯೊಂದು ಬಾಕಿ.

ಕಲಿಯುವವರು ಸ್ಪಿನ್ನಿಂಗ್ ರೀಲ್ ಕೊಳ್ಳಿ. ಅದರ ಉರುಳೆ ಎಸೆಯುವಾಗ ತಿರುಗುವುದಿಲ್ಲ, ಹಾಗಾಗಿ ಈ ಗೋಳೇ ಇಲ್ಲ. ಆರೂವರೆ ಏಳು ಅಡಿಯ, ತೀರಾ ಬಳುಕದ, ತೀರಾ ಬಿಗಿಯೂ ಅಲ್ಲದ ಕೋಲು, ಎಂಟು ಹತ್ತು ಪೌಂಡು ಭಾರ ತಡೆಯುವ ದಾರ ಇದ್ದರೆ ಸಾಕು. ಬೇಟ್‌ಕಾಸ್ಟಿಂಗ್ ಬೇಕೇ ಬೇಕೆಂದರೆ ಮೊದಲು ಕೋಲು ಎತ್ತಿ ಹಿಡಿದು ಗಾಳವನ್ನು ಕೆಳಗೆ ಬಿಟ್ಟು ನೋಡಿ. ಅದು ನೆಲ ಮುಟ್ಟಿದ ಕೂಡಲೇ ಉರುಳೆ ನಿಲ್ಲುವಷ್ಟು ಪಕ್ಕದ ತಿರುಪನ್ನು ಬಿಗಿಮಾಡಿ, ಎಸೆಯುವಾಗ ಹೆಬ್ಬೆರಳನ್ನು ಉರುಳೆಯ ಮೇಲಿಡಿ. ಇಷ್ಟನ್ನು ಅಂಗಡಿಯವನು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಮಾರನೆಯ ದಿನ ದೋಣಿಯಿರುವ ಗೈಡ್ ಒಬ್ಬರನ್ನು ಗೊತ್ತುಮಾಡಿದೆವು. ಎಪ್ಪತ್ತರ ಆಸುಪಾಸಿನ, ಮಾತಿಗೊಮ್ಮೆ "ಮ್ಯಾಮ್" ಎನ್ನುವ ಮನುಷ್ಯ. ಅವರ ಪೆಟ್ಟಿಗೆ ತೆರೆದರೆ ಬಳೆ ಅಂಗಡಿ. ಹಸಿರು, ನೇರಳೆ, ಕುಂಬಳಕಾಯಿ ಬಣ್ಣದ ಪ್ಲಾಸ್ಟಿಕ್ ಹುಳುಗಳು. ಒಂದನ್ನು ಮೂಸಿದೆ, ಬೆಳ್ಳುಳ್ಳಿ! ಅಪ್ಪ ಸಗಣಿ ಗುಂಡಿಯ ಪಕ್ಕ ಅಗೆದು ತೆಂಗಿನ ಕರಟದಲ್ಲಿ ತುಂಬಿಕೊಡುತ್ತಿದ್ದ ಎರೆಹುಳು ನೆನಪಾಯಿತು. ಅದಕ್ಕೆ ಯಾರೂ ಒಗ್ಗರಣೆ ಹಾಕಿರಲಿಲ್ಲ.

ಹುಳುವನ್ನು ಪೋಣಿಸುವ ಜಾಣತನವನ್ನು ಮಾತ್ರ ಮೆಚ್ಚಿದೆ. ಗುಂಡಿನ ಆಕಾರದ ತೂಕದ ಕೆಳಗೆ ಕೊಕ್ಕೆ. ಅದರ ಮೊನೆಯನ್ನು ಹುಳುವಿನ ತಲೆಯಲ್ಲಿ ತೂರಿಸಿ ಹೊರತೆಗೆದು, ತಿರುಗಿಸಿ, ಮತ್ತೆ ಮೈಯೊಳಗೆ ಅಡಗಿಸಿಡುತ್ತಾರೆ. ಮೊನೆ ಹೊರಗೆ ಕಾಣದ್ದರಿಂದ ಜೊಂಡಿಗೆ ಸಿಕ್ಕುವುದಿಲ್ಲ. ಟೆಕ್ಸಾಸ್ ರಿಗ್ ಎಂದು ಹೆಸರು. ಗಂಟು ಬಿಗಿಯುವ ಮುಂಚೆ ದಾರವನ್ನು ಎಂಜಲಿನಿಂದ ಒದ್ದೆ ಮಾಡಿದರು, ಒಣಗಿದ ದಾರ ಉಜ್ಜಿಕೊಂಡು ಬಿಸಿಯಾಗಿ ಸೊರಗುತ್ತದಂತೆ.

ದಾರಕ್ಕೆ ತೇಲುವ ಬೆಂಡು ಇಲ್ಲ. ಮೀನು ಕಚ್ಚಿದ್ದು ತಿಳಿಯುವುದು ಹೇಗೆ? ದಾರ ನೀರು ಮುಟ್ಟುವ ಜಾಗ ನೋಡುತ್ತಿರಿ ಎಂದರು. ನಾನು ಅಭ್ಯಾಸಬಲದಿಂದ ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡೆ. ಹೊಳೆಯ ಸೆಳವಿನಲ್ಲಿ ಬೆಂಡಿಲ್ಲದೆ ಗಾಳ ಹಾಕುವಾಗ ಅಪ್ಪ ಹೇಳಿಕೊಟ್ಟದ್ದು ಅದನ್ನೇ. ಗೈಡ್ ನನ್ನ ಬೆರಳನ್ನು ನೋಡಿದರು, ಏನೂ ಹೇಳಲಿಲ್ಲ. ಹತ್ತು ನಿಮಿಷಕ್ಕೆ ಬೆರಳಿನ ಮೇಲೆ ಟಕ್ ಟಕ್ ಎಂದು ಯಾರೋ ಉಗುರಿನಿಂದ ತಟ್ಟಿದ ಹಾಗಾಯಿತು. ನಮ್ಮೂರಿನ ರೂಢಿಯಂತೆ ಆ ಕ್ಷಣವೇ ಎಳೆದೆ. ಮೀನು ಹೋಯಿತು. "ಕೋಲಿನ ತುದಿ ತಗ್ಗಿಸಿ, ಸಡಿಲ ದಾರ ಸುತ್ತಿಕೊಂಡು, ಆಮೇಲೆ ಬೀಸಿ ಎಳೆಯಿರಿ, ಮ್ಯಾಮ್." ಎರಡನೆಯ ಸಲ ಹಾಗೆಯೇ ಮಾಡಿದೆ. ಕೋಲು ಬಿಲ್ಲಿನಂತೆ ಬಾಗಿತು. ಮೀನು ನೀರಿನಿಂದ ಪೂರ್ತಿ ಮೇಲಕ್ಕೆ ಹಾರಿ ತಲೆ ಕೊಡವಿತು. ತಮ್ಮ ಕಿರುಚಿದ್ದು ನನಗಿಂತ ಜೋರು.

ನಾಲ್ಕೂವರೆ ಪೌಂಡು, ಅಂದರೆ ಎರಡು ಕಿಲೋ. ಗೈಡ್ ಕೈ ಒದ್ದೆ ಮಾಡಿಕೊಂಡು ಕೆಳದವಡೆಯನ್ನು ಹೆಬ್ಬೆರಳಿನಿಂದ ಹಿಡಿದು, ಇನ್ನೊಂದು ಕೈಯನ್ನು ಹೊಟ್ಟೆಗೆ ಆಸರೆ ಕೊಟ್ಟು ತೋರಿಸಿದರು. ನಾನು ಮನಸ್ಸಿನಲ್ಲೇ ಹುಳಿ ಎಷ್ಟು ಬೇಕೆಂದು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಅವರು ಬಾಗಿ ಮೀನನ್ನು ನೀರಿಗೆ ಬಿಟ್ಟೇಬಿಟ್ಟರು.

"ಬಿಟ್ಟಿರಾ?"

ಏಪ್ರಿಲ್‌ನಲ್ಲಿ ನೀರು ಬೆಚ್ಚಗಾಗುತ್ತಿದ್ದಂತೆ ಇವು ಮೊಟ್ಟೆ ಇಡಲು ದಡದ ಕಡೆಗೆ ಬರುತ್ತವೆ, ಇದು ಹೊಟ್ಟೆ ತುಂಬಿದ ಹೆಣ್ಣು, ಇಷ್ಟು ಬೆಳೆಯಲು ವರ್ಷಗಳು ಬೇಕು ಎಂದರು. ಇಟ್ಟುಕೊಳ್ಳಲು ಕಾನೂನು ಅಡ್ಡಿಯಿಲ್ಲ, ಆದರೆ ತಮ್ಮ ದೋಣಿಯಲ್ಲಿ ಆ ರೂಢಿಯಿಲ್ಲ.

ನನಗೆ ಮುಖ ಮುರಿದಂತಾಯಿತು. ಮೊದಲ ಮಳೆಗೆ ತೋಡುಗಳಿಂದ ಗದ್ದೆಯ ಕಡೆ ಹತ್ತಿ ಬರುವ ನಮ್ಮ ಹತ್ತುಮೀನುಗಳೂ ಮೊಟ್ಟೆ ತುಂಬಿಕೊಂಡೇ ಬರುತ್ತವೆ. ಅವುಗಳ ದಾರಿಗೆ ಅಡ್ಡಲಾಗಿ ಮೀನು ಹಿಡಿಯುವ ಕೂಣಿ ಇಟ್ಟು ಇಡೀ ಊರೇ ಕಾಯುತ್ತದೆ. ಹುರಿದ ಆ ಮೊಟ್ಟೆಗೆ ನಾನೂ ತಮ್ಮನೂ ಕಿತ್ತಾಡಿದ್ದುಂಟು. ಅದನ್ನೇ ಹೇಳಿದೆ. ತಮ್ಮ ಅರ್ಧ ನಾಚಿಕೆಯಿಂದಲೇ ಇಂಗ್ಲಿಷಿನಲ್ಲಿ ವಿವರಿಸಿದ. ಗೈಡ್ ನಕ್ಕರು, ಬೈಯಲಿಲ್ಲ. ತಾವೂ ಕ್ಯಾಟ್‌ಫಿಶ್ ತಿನ್ನುತ್ತೇವೆ ಎಂದರು.

ನಾನು ಸುಮ್ಮನಿರಲಿಲ್ಲ. "ನಾವು ತಿನ್ನಲು ಹಿಡಿಯುತ್ತೇವೆ. ಈ ಮೀನನ್ನು ನೀವು ತಿನ್ನುವುದೂ ಇಲ್ಲ. ಹಾಗಾದರೆ ಅದರ ಬಾಯಿಗೆ ಕೊಕ್ಕೆ ಚುಚ್ಚುವುದೇಕೆ?"

ತಮ್ಮ ಅನುವಾದಿಸಲು ಹಿಂದೆ ಮುಂದೆ ನೋಡಿದ. ನಾನೇ ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು ಬಹಳ ಹೊತ್ತು ನೀರು ನೋಡಿದರು.

"ನನ್ನ ಹೆಂಡತಿಯೂ ಇದನ್ನೇ ಕೇಳುತ್ತಾಳೆ, ಮ್ಯಾಮ್" ಎಂದು ಮೋಟಾರ್ ಚಾಲೂ ಮಾಡಿದರು.

ಸಂಜೆಯೊಳಗೆ ನನಗೆ ಇನ್ನೂ ಮೂರು ಸಿಕ್ಕವು, ತಮ್ಮನಿಗೆ ಒಂದು. ಕೊನೆಯದನ್ನು ನಾನೇ ದವಡೆ ಹಿಡಿದು ನೀರಿಗಿಳಿಸಿದೆ. ಮರಳು ಕಾಗದದಂತಹ ಆ ಹಲ್ಲುಗಳು ಹೆಬ್ಬೆರಳಿನ ಚರ್ಮ ತರಿದಿದ್ದವು. ರಾತ್ರಿ ಊಟಕ್ಕೆ ಅಂಗಡಿಯಿಂದ ತಂದ ಮೀನು. ಸಾರು ಪರವಾಗಿರಲಿಲ್ಲ, ಮೀನಿಗೆ ರುಚಿ ಇರಲಿಲ್ಲ.

ಅಮ್ಮನಿಗೆ ವಿಡಿಯೋ ಕರೆ ಮಾಡಿ ಫೋಟೋ ತೋರಿಸಿದೆವು. ಕನ್ನಡಕ ಹಾಕಿಕೊಂಡು ನೋಡಿದಳು. ಐದನ್ನೂ ಬಿಟ್ಟುಬಂದೆವೆಂದಾಗ ಸ್ವಲ್ಪ ಹೊತ್ತು ಮಾತಿಲ್ಲ.

"ಯಾಕೆ, ಮಸಾಲೆ ಸಿಗಲಿಲ್ಲವೇ?" ಎಂದು ಕೇಳಿದಳು.